ಕನ್ನಡ ಬರುತ್ತೆ ಅಂತ ನನ್ನನ್ನೇ ಕಳಿಸ್ತಾರೆ

ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಹಾಗಾಗಿ ವಿದ್ಯಾನಗರದ ನನ್ನ ಕೌನ್ಸೆಲಿಂಗ್ ಕೋಣೆಗೆ ಬರುವವರಲ್ಲಿ ಎಳೆಯ ಡಾಕ್ಟರುಗಳೇ ಜಾಸ್ತಿ. "ಸೀಟು ಬಿಟ್ಟುಬಿಡೋಣ ಅನ್ಸುತ್ತೆ ಮೇಡಂ" ಅನ್ನುವ ಮಾತು ವರ್ಷಕ್ಕೆ ನಾಲ್ಕೈದು ಸಲವಾದರೂ ಕಿವಿಗೆ ಬೀಳುತ್ತದೆ. ಅದರಲ್ಲಿ ಈ ಒಂದು ಪ್ರಕರಣ ಬರೆಯಲೇಬೇಕು ಅನ್ನಿಸಿದ್ದು ಯಾಕೆಂದರೆ, ಐದು ಭೇಟಿಗಳವರೆಗೆ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರು 31 ವರ್ಷದ ಡಾಕ್ಟರ್, ಹೆಣ್ಣುಮಗಳು. ಜಗಳೂರು ಕಡೆಯ ಮನೆ. ಎಂಎಸ್ ಜನರಲ್ ಸರ್ಜರಿ ಮುಗಿಸಿ, ಸೂಪರ್ ಸ್ಪೆಷಾಲಿಟಿ ಸೀಟಿನ ಎಂಟ್ರೆನ್ಸ್ ಆದ ನೀಟ್ ಎಸ್‌ಎಸ್ ಬರೆದು, ಬೆಂಗಳೂರಿನಲ್ಲಿ ವ್ಯಾಸ್ಕುಲರ್ ಸರ್ಜರಿ ಸೇರಿದ್ದರು. ಅಂದರೆ ರಕ್ತನಾಳಗಳ ಆಪರೇಷನ್. ಆಗ ಎರಡನೇ ವರ್ಷ. ಮನೆಯವರದು ಒಂದೇ ಪ್ರಶ್ನೆ: "ಇನ್ನೂ ಓದು ಮುಗೀಲಿಲ್ವಾ?" ಮುಗಿಯುವುದು ಎಲ್ಲಿಂದ? ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ 3 ವರ್ಷ, ಅದರ ಮೇಲೆ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಅನ್ನುವ ಸೂಪರ್ ಸ್ಪೆಷಾಲಿಟಿ ಕೋರ್ಸಿಗೆ ಮತ್ತೆ 3 ವರ್ಷ. ನಡುವೆ ಎಂಟ್ರೆನ್ಸ್‌ಗೆ ಓದುತ್ತಾ ಹೋದ ವರ್ಷಗಳು ಬೇರೆ.

ಮೊದಲ ಐದು ಭೇಟಿ ಫೋನಿನಲ್ಲೇ ಆದವು. ನಿದ್ದೆ ಇಲ್ಲ, ಊಟದ ಹೊತ್ತು ತಪ್ಪುತ್ತೆ, ಮದುವೆ ಮಾತು, ಊರಿನ ಫೋನ್ ಎತ್ತಲು ಭಯ. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ನಿದ್ದೆಯ ಡೈರಿ ಬರೆಸಿದೆ. ಸ್ವಲ್ಪ ನಿದ್ದೆ ಬಂತು, ಸೀಟು ಬಿಡುವ ಯೋಚನೆ ಮಾತ್ರ ಹೋಗಲಿಲ್ಲ.

ಆರನೆಯ ಸಲ ಇಲ್ಲಿನ ದುಗ್ಗಮ್ಮನ ಜಾತ್ರೆಗೆ ಅಂತ ಬಂದವರು ಎದುರಿಗೇ ಕೂತರು. ಬ್ಯಾಗಿನಲ್ಲಿ ಲಾಗ್‌ಬುಕ್ ಇತ್ತು. ತಾವು ಮಾಡಿದ, ಜೊತೆಗೆ ನಿಂತ ಆಪರೇಷನ್‌ಗಳನ್ನೆಲ್ಲ ಇವರು ಅದರಲ್ಲಿ ದಾಖಲಿಸಬೇಕು. ಸುಮ್ನೆ ಓದಿ ಅಂದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಮಾಡುವ ಫಿಸ್ಟುಲಾ, ಕಾಲಿಗೆ ಬೈಪಾಸ್, ವೆರಿಕೋಸ್ ವೇನ್. ಓದುತ್ತಾ ಓದುತ್ತಾ ಮುಖ ಅರಳಿತು. ನನ್ನ ಟೇಬಲ್ ಮೇಲಿನ ಕಾಗದವನ್ನು ಕೊಳವೆಯಂತೆ ಸುತ್ತಿ, ತುಂಡಾದ ರಕ್ತನಾಳದ ಎರಡು ತುದಿ ಹೇಗೆ ಸೇರಿಸುತ್ತಾರೆ ಅಂತ ತೋರಿಸಿದರು. ಅಲೆಕ್ಸಿಸ್ ಕ್ಯಾರೆಲ್ ಎಂಬ ಫ್ರೆಂಚ್ ಸರ್ಜನ್ ಕಂಡುಕೊಂಡ ಉಪಾಯವಂತೆ. ಮೂರು ಕಡೆ ಹೊಲಿಗೆ ಹಾಕಿ ಎಳೆದು ಹಿಡಿದರೆ ದುಂಡಗಿನ ಬಾಯಿ ತ್ರಿಕೋನವಾಗುತ್ತೆ, ಆಗ ಒಂದೊಂದು ಬದಿಯನ್ನೂ ನೆಟ್ಟಗೆ ಹೊಲಿಯಬಹುದು. ಅವನಿಗೆ 1912ರಲ್ಲಿ ನೊಬೆಲ್ ಬಂತು ಅಂತ ಹೇಳುವಾಗ ಸ್ವಂತ ಅಣ್ಣನಿಗೇ ಬಂದಷ್ಟು ಖುಷಿ ಅವರಿಗೆ. ಈ ಕೆಲಸ ಬೇಡ ಅನ್ನುವವರು ಹೀಗೆ ಹೇಳುತ್ತಾರಾ?

ಆಗ ಕೇಳಿದೆ: "ದಿನಾ ನೀವು ಮಾಡೋ ಕೆಲಸದಲ್ಲಿ ಈ ಬುಕ್ಕಿಗೆ ಬರದೇ ಇರೋದು ಏನು?"

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೇಳೋದು" ಅಂದರು.

"ಏನು ಹೇಳೋದು?"

"ಕಾಲು ತೆಗೀಬೇಕು ಅಂತ ಕಾರಿಡಾರಲ್ಲಿ ಮನೆಯವರಿಗೆ ಹೇಳೋದು. ಕನ್ನಡ ಬರುತ್ತೆ ಅಂತ ನನ್ನನ್ನೇ ಕಳಿಸ್ತಾರೆ ಮೇಡಂ. ಆಪರೇಷನ್ ಯಾರೇ ಮಾಡಿರ್ಲಿ."

ಸೂಪರ್ ಸ್ಪೆಷಾಲಿಟಿ ಸೀಟು ದೇಶದ ಮಟ್ಟದಲ್ಲಿ ಹಂಚಿಕೆಯಾಗುತ್ತದೆ. ಇವರ ಯೂನಿಟ್‌ನಲ್ಲಿ ಕೇರಳದವರು, ಬಿಹಾರದವರು, ಮಹಾರಾಷ್ಟ್ರದವರು ಇದ್ದರು. ಹಿರಿಯರಿಗೂ ಕನ್ನಡ ಅಷ್ಟಕ್ಕಷ್ಟೆ. ರೋಗಿಗಳು ಮಾತ್ರ ಮೊಳಕಾಲ್ಮೂರು, ಚಳ್ಳಕೆರೆ, ಹರಪನಹಳ್ಳಿ ಕಡೆಯಿಂದ ಬಂದವರು. ಶುಗರ್ ಇದ್ದು ಬೆರಳು ಕಪ್ಪಾದ ಮೇಲೆ ಬಂದವರು, ಬೀಡಿ ಸೇದಿ ಸೇದಿ ನಲವತ್ತರೊಳಗೇ ಕಾಲಿನ ರಕ್ತನಾಳ ಮುಚ್ಚಿಸಿಕೊಂಡವರು. ನೆನಪು ಮಾಡಿಕೊಂಡು ಎಣಿಸೋಣ ಅಂದೆ. ಬೆರಳು ಮಡಚುತ್ತಾ ಹೋದರು. ಆರು ತಿಂಗಳಲ್ಲಿ 17 ಸಲ ಹೇಳಿದ್ದರು. ಅದರಲ್ಲಿ ತಾವು ಆಪರೇಷನ್ ಥಿಯೇಟರಿನ ಒಳಗೆ ಇದ್ದದ್ದು 4 ಸಲ.

ಒಬ್ಬ ಹೆಂಗಸು ಅಂದಿದ್ದರಂತೆ: "ನಮ್ ಕಡೆ ಹುಡುಗಿ ಅಂತ ನಂಬಿದ್ವಿ ಕಣವ್ವ. ನೀನೇ ಕಾಲು ತೆಗೆಸಿಬಿಟ್ಟೆಲ್ಲ." ಆ ದಿನ ಇವರು ಆ ಆಪರೇಷನ್‌ನಲ್ಲಿ ಇರಲೇ ಇಲ್ಲ. ನಾನು ಮಾಡಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಜೊತೆಯವರನ್ನು ಸಿಕ್ಕಿಸಿದ ಹಾಗೆ. ಹೇಳದಿದ್ದರೆ ಹೊರೆ ತನ್ನ ತಲೆಗೆ.

ಓದುವವರಿಗೆ ಒಂದು ಮಾತು ಗೊತ್ತಿರಬೇಕು. ಈ ವಿಭಾಗದಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಕೆಲವು ಕಾಲು ಉಳಿಯುವುದಿಲ್ಲ. ರಕ್ತ ಗಡ್ಡೆ ಕಟ್ಟಿ ಕಾಲಿಗೆ ಹರಿವು ದಿಢೀರ್ ಅಂತ ನಿಂತರೆ ಸುಮಾರು ಆರು ಗಂಟೆಯ ಒಳಗೆ ತೆರೆಯಬೇಕು, ಆಮೇಲೆ ಮಾಂಸಖಂಡ ಸಾಯತೊಡಗುತ್ತದೆ. ಗಡ್ಡೆಯನ್ನು ಎಳೆದು ತೆಗೆಯುವ ಬಲೂನ್ ಇರುವ ತೆಳ್ಳನೆ ನಳಿಕೆಯನ್ನು ಫೋಗರ್ಟಿ ಎಂಬ ಡಾಕ್ಟರ್ 1960ರ ದಶಕದಲ್ಲೇ ಬಳಕೆಗೆ ತಂದರು. ಆದರೆ ದಾವಣಗೆರೆಯಿಂದ ಬೆಂಗಳೂರೇ ಸುಮಾರು 260 ಕಿಲೋಮೀಟರ್. ಮೊದಲ ದಿನ ಎಣ್ಣೆ ತಿಕ್ಕಿ, ಎರಡನೇ ದಿನ ನೋವಿನ ಮಾತ್ರೆ ನುಂಗಿ, ಮೂರನೇ ದಿನ ಹೊರಟರೆ ಯಾವ ನಳಿಕೆ ಏನು ಮಾಡೀತು? ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ 17 ಕಾಲುಗಳ ಲೆಕ್ಕ ಅವರ ಹೆಸರಿಗೇ ಬರೆದುಕೊಂಡಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಸೀಟಿನ ತೀರ್ಮಾನ ಮೂರು ತಿಂಗಳು ಮುಟ್ಟಬೇಡಿ. ನಡುವೆ ಬಿಟ್ಟರೆ ಹಲವು ಕಡೆ ದಂಡ ಇದೆ, ಮತ್ತೆ ಬೇರೆ ಕೋರ್ಸ್ ಸೇರಲೂ ಅಡ್ಡಿ ಬರಬಹುದು, ಆದರೆ ನಾನು ಹೇಳಿದ್ದು ಅದಕ್ಕಲ್ಲ. ನೀವು ಬಿಡಬೇಕು ಅಂದುಕೊಂಡಿರುವುದು ಸರ್ಜರಿಯನ್ನಾ, ಆ ಕಾರಿಡಾರನ್ನಾ ಅನ್ನುವುದು ಮೊದಲು ತಿಳಿಯಲಿ. ಎರಡನೆಯದು, ಯೂನಿಟ್ ಮುಖ್ಯಸ್ಥರ ಹತ್ತಿರ ಹೋಗಿ ಕೇಳಿ: ಆಪರೇಷನ್ ಮಾಡಿದವರು ಮನೆಯವರ ಎದುರು ಬಂದು ಕೂರಬೇಕು. ನಾಲಿಗೆ ನಿಮ್ಮದಾಗಲಿ, ಮಾತು ಅವರದಾಗಲಿ. ಮೂರನೆಯದನ್ನು ಅವರು ನಿರೀಕ್ಷಿಸಿರಲಿಲ್ಲ. ಒಳ್ಳೆಯ ಸುದ್ದಿಯನ್ನೂ ನೀವೇ ಹೇಳಿ. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಜುಮ್ ಅನ್ನುತ್ತೆ, ಕೆಲಸ ಮಾಡ್ತಿದೆ ಅನ್ನುವುದನ್ನು, ಗಾಯ ಮಾಗಿದೆ, ನಾಳೆ ಊರಿಗೆ ಹೋಗಬಹುದು ಅನ್ನುವುದನ್ನು ನರ್ಸ್ ಬಾಯಲ್ಲಿ ಹೇಳಿಸಬೇಡಿ.

ಪರಿಚಯದ ಸರ್ಜನ್ ಒಬ್ಬರಿಗೆ ಹೆಸರಿಲ್ಲದೆ ಇದನ್ನು ಹೇಳಿದಾಗ ಅವರು ಸಿಟ್ಟಾದರು. ಕೆಟ್ಟ ಸುದ್ದಿ ಹೇಳುವುದೂ ತರಬೇತಿಯೇ, ನೀವು ಮಕ್ಕಳನ್ನು ಮೆತ್ತಗೆ ಮಾಡ್ತಿದ್ದೀರಿ ಅಂದರು. ತರಬೇತಿ ಅನ್ನುವುದು ನಿಜ. ಆದರೆ ಮೊದಲ ಸಲ ರಕ್ತನಾಳ ಹೊಲಿಯಲು ಕೊಟ್ಟಾಗ ಎದುರಿಗೆ ಹಿರಿಯರು ನಿಂತಿರುತ್ತಾರೆ ಅಲ್ವಾ? ಕೈ ನಡುಗಿದರೆ ಹಿಡಿಯಲು ಒಬ್ಬರಿರುತ್ತಾರೆ. ಕಾರಿಡಾರಿನಲ್ಲಿ ಯಾಕೆ ಯಾರೂ ಇಲ್ಲ? ಹದಿನೇಳು ಸಲ ಒಬ್ಬರನ್ನೇ ಒಂಟಿಯಾಗಿ ಕಳಿಸಿದ್ದನ್ನು ತರಬೇತಿ ಅಂತ ನಾನು ಕರೆಯಲಾರೆ. ಎಲ್ಲರಿಗೂ ಇರು ಅಂತಲೂ ನಾನು ಹೇಳುವುದಿಲ್ಲ. ಹಿಂದೆ ಇನ್ನೊಬ್ಬರಿಗೆ ಬಿಡಿ ಅಂತಲೇ ಹೇಳಿದ್ದೆ. ಅವರು ಲಾಗ್‌ಬುಕ್ ಓದುವಾಗ ಒಮ್ಮೆಯೂ ತಲೆ ಎತ್ತಿರಲಿಲ್ಲ.

ಮನೆಯವರಿಗೂ ಒಂದು ಮಾತು. ಮಗಳು ಊರಿಗೆ ಬಂದಾಗ ಯಾವಾಗ ಮುಗಿಯುತ್ತೆ ಅಂತ ಕೇಳುವ ಬದಲು ಈ ವಾರ ಏನು ನೋಡಿದೆ ಅಂತ ಕೇಳಿ. ಇವರ ತಾಯಿಗೆ ಮಗಳ ಕೆಲಸ ಏನು ಅಂತ ನನ್ನ ಕೋಣೆಯಲ್ಲೇ ಮೊದಲ ಸಲ ಗೊತ್ತಾದದ್ದು.

ಹೋದ ತಿಂಗಳು ಫೋನ್ ಮಾಡಿದ್ದರು. ಮುಖ್ಯಸ್ಥರು ಪೂರ್ತಿ ಒಪ್ಪಿಲ್ಲ, ಹಗಲಿನ ಕೇಸುಗಳಿಗೆ ಒಪ್ಪಿದ್ದಾರೆ. ಕೇರಳದ ಸೀನಿಯರ್ ಒಬ್ಬರು "ಆಪರೇಷನ್ ಮಾಡಿದ್ದು ನಾನು" ಅನ್ನುವುದನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿಕೊಂಡರಂತೆ. ಅವರು ಅದನ್ನು ಹೇಳಿದಾಗ ರೋಗಿಯ ಮಗ ಇವರ ಮುಖ ಬಿಟ್ಟು ಅವರ ಕಡೆ ತಿರುಗಿ ಕೂತ. ಪ್ರಶ್ನೆಯನ್ನೂ ಅವರಿಗೇ ಕೇಳಿದ. ರಾತ್ರಿ ಕೇಸುಗಳಿಗೆ ಈಗಲೂ ಇವರೊಬ್ಬರೇ ಹೋಗುತ್ತಾರೆ. ಮೂರು ತಿಂಗಳು ಮುಗಿಯಲು ಇನ್ನೂ ಹತ್ತು ದಿನ ಇದೆ.