ಹಿತ್ತಿಲಿನ ಕ್ಯಾಮೆರಾ: ಬಾಳೆಗೊನೆ ತಿಂದವರು ಯಾರು?

ಪ್ರಶ್ನೆ: ನಮ್ಮದು ಅಡಿಕೆ ತೋಟದ ಅಂಚಿನ ಒಂಟಿ ಮನೆ. ಹಿತ್ತಿಲಿನಲ್ಲಿ ಹಣ್ಣಾಗತೊಡಗಿದ ಬಾಳೆಗೊನೆಯನ್ನು ರಾತ್ರಿ ಯಾವುದೋ ಪ್ರಾಣಿ ತಿಂದು ಹೋಗುತ್ತಿದೆ. ಬೇಲಿಯ ಬಳಿ ನೆಲವನ್ನೂ ಕೆದಕಿರುತ್ತದೆ. ಇದೆಲ್ಲ ಪುನುಗಿನ ಬೆಕ್ಕಿನ ಕೆಲಸವೆಂದು ಮನೆಯವರು ಹೇಳುತ್ತಾರೆ, ಉರುಳು ಕಟ್ಟೋಣವೆಂದು ತೋಟದ ಕೆಲಸದವರು ಒತ್ತಾಯಿಸುತ್ತಿದ್ದಾರೆ. ನಿಜ ತಿಳಿಯಲೆಂದು, ಎದುರು ಏನಾದರೂ ಸುಳಿದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ತಂದು ಬಾಳೆಗೆ ಎದುರಾಗಿ ಮಾವಿನ ಮರಕ್ಕೆ ಕಟ್ಟಿದೆ. ಹತ್ತು ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು, ಆದರೆ ಬಾಳೆ ಎಲೆಯ ಹೊರತು ಅವುಗಳಲ್ಲಿ ಏನೂ ಇಲ್ಲ. ಕ್ಯಾಮೆರಾ ಕೆಟ್ಟಿದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಉರುಳಿನ ಮಾತು. ದಯವಿಟ್ಟು ಅದನ್ನು ಕಟ್ಟಲು ಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕಿ ಕಾಡುಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ, ಆದ್ದರಿಂದ ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಬಾಳೆ ತಿಂದ ಪ್ರಾಣಿ ಯಾವುದೆಂದು ಉರುಳಿಗೆ ತಿಳಿಯುವುದಿಲ್ಲ. ಆ ದಾರಿಯಲ್ಲಿ ಹಾದು ಹೋದ, ಜಿಂಕೆಯಂಥ ಪುಟ್ಟ ಪ್ರಾಣಿ ಬರ್ಕವೋ, ನಿಮ್ಮದೇ ಮನೆಯ ನಾಯಿಯೋ ಅದರಲ್ಲಿ ನರಳಿ ಸಾಯುತ್ತದೆ. ವಿಚಾರಿಸಿ ನೋಡೋಣವೆಂದು ನೀವು ಕ್ಯಾಮೆರಾ ತಂದದ್ದು ನನಗೆ ತುಂಬ ಸಂತೋಷ ಕೊಟ್ಟಿದೆ.

ನಿಮ್ಮ ಕ್ಯಾಮೆರಾ ಕೆಟ್ಟಿಲ್ಲವೆಂದೇ ನನ್ನ ಅಂದಾಜು. ಅದರೊಳಗಿನ ಸಂವೇದಕವು ಪ್ರಾಣಿಯ ಆಕಾರವನ್ನು ಗುರುತಿಸುವುದಿಲ್ಲ; ಹಿನ್ನೆಲೆಗಿಂತ ಹೆಚ್ಚು ಬಿಸಿಯಾದ ಅಥವಾ ಹೆಚ್ಚು ತಂಪಾದ ಯಾವುದಾದರೂ ವಸ್ತು ತನ್ನ ಎದುರು ಚಲಿಸಿದಾಗ ಆ ಶಾಖದ ವ್ಯತ್ಯಾಸವನ್ನು ಮಾತ್ರ ಗ್ರಹಿಸಿ ಚಿತ್ರ ತೆಗೆಯಲು ಸೂಚನೆ ಕೊಡುತ್ತದೆ. ಬಿಸಿಲಿಗೆ ಕಾದ ಅಗಲವಾದ ಬಾಳೆ ಎಲೆ ಗಾಳಿಗೆ ತೊನೆದಾಡಿದರೆ ಅಷ್ಟೇ ಸಾಕು. ಚಿತ್ರಗಳ ಮೇಲಿರುವ ಸಮಯವನ್ನು ನೋಡಿ: ಹೆಚ್ಚಿನವು ಬಿಸಿಲು ಏರಿದ ಹೊತ್ತಿನವಾಗಿದ್ದರೆ ತಪ್ಪು ಎಲೆಯದೇ. ಸಂಜೆ 6ರಿಂದ ಬೆಳಗಿನ 6ರವರೆಗೆ ಮಾತ್ರ ಕೆಲಸ ಮಾಡುವಂತೆ ಹೊಂದಿಸುವ ಅವಕಾಶ ಅನೇಕ ಕ್ಯಾಮೆರಾಗಳಲ್ಲಿದೆ, ಅದನ್ನು ಬಳಸಿಕೊಳ್ಳಿ.

ಇದಕ್ಕಿಂತ ದೊಡ್ಡ ಬದಲಾವಣೆಯೊಂದು ಬೇಕು. ಕ್ಯಾಮೆರಾವನ್ನು ಬಾಳೆಯ ಕಡೆಗೆ ತಿರುಗಿಸಬೇಡಿ, ಬಾಳೆಗೆ ಬರುವ ದಾರಿಯ ಕಡೆಗೆ ತಿರುಗಿಸಿ. ಇರುಳಿನ ಪ್ರಾಣಿಗಳೂ ನಮ್ಮಂತೆಯೇ ಸುಲಭವಾದ ದಾರಿಯನ್ನೇ ಹಿಡಿಯುತ್ತವೆ: ಬೇಲಿಯ ಕಂಡಿ, ಅಗಳಕ್ಕೆ ಅಡ್ಡ ಹಾಕಿದ ಸಂಕ, ತೋಟದ ಕಾಲುದಾರಿ, ಕಲ್ಲುಕಟ್ಟೆಯ ಅಂಚು. ಒಂದು ಸಂಜೆ ಕಂಡಿಯ ಬಳಿ ನುಣ್ಣನೆಯ ಮಣ್ಣು ಹರಡಿ ಬೆಳಿಗ್ಗೆ ಹೆಜ್ಜೆ ಮೂಡಿದೆಯೇ ಎಂದು ನೋಡಿದರೆ ಜಾಗ ತಾನಾಗಿ ಗೊತ್ತಾಗುತ್ತದೆ. ಅಲ್ಲಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ನಿಮ್ಮ ಮೊಣಕಾಲಿನ ಎತ್ತರಕ್ಕೆ, ಗಾಳಿಗೆ ಅಲ್ಲಾಡದ ದಪ್ಪ ಕಾಂಡಕ್ಕೆ ಕ್ಯಾಮೆರಾವನ್ನು ಬಿಗಿಯಿರಿ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಎಳೆಬಿಸಿಲು, ಇಳಿಬಿಸಿಲು ನೇರವಾಗಿ ಬೀಳುವುದಿಲ್ಲ. ಎದುರಿನ ಹುಲ್ಲು, ಜರಿಗಿಡಗಳನ್ನು ಸವರಿ. ದಾರಿಗೆ ಸ್ವಲ್ಪ ಓರೆಯಾಗಿ ಕಟ್ಟಿದರೆ ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇಲ್ಲದಿದ್ದರೆ ಬಾಲದ ತುದಿಯಷ್ಟೇ ಸಿಗುವುದು ಸಾಮಾನ್ಯ.

ಆದರೆ ಆ ಬಾಲವೂ ಸಾಕಾಗುವ ಸಂದರ್ಭ ಉಂಟು. ರಾತ್ರಿಯ ಚಿತ್ರಗಳು ಕಪ್ಪುಬಿಳುಪಾಗಿರುವುದರಿಂದ ಬಣ್ಣವನ್ನು ನಂಬುವಂತಿಲ್ಲ. ಬಾಲದ ಉದ್ದಕ್ಕೂ ಬಳೆ ತೊಡಿಸಿದಂತೆ ಪಟ್ಟೆಗಳಿದ್ದು ಮೈಮೇಲೆ ಸಾಲುಸಾಲು ಚುಕ್ಕೆಗಳಿದ್ದರೆ ಅದು ಪುನುಗಿನ ಬೆಕ್ಕು. ಬಾಲದಲ್ಲಿ ಪಟ್ಟೆಯಿಲ್ಲದೆ, ಮುಖಕ್ಕೆ ಕಪ್ಪು ಮುಸುಕು ಹಾಕಿದಂತಿದ್ದರೆ ಅದು ಕಬ್ಬೆಕ್ಕು. ಮರಬೆಕ್ಕು ಎಂದೂ ಕರೆಯುತ್ತಾರೆ. ಪಟ್ಟೆ, ಚುಕ್ಕೆ, ಮುಸುಕು ಯಾವುದೂ ಇಲ್ಲದೆ ಇಡೀ ಮೈ ಒಂದೇ ಛಾಯೆಯಲ್ಲಿದ್ದರೆ ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ ಕಂದು ಮರಬೆಕ್ಕು ನಿಮ್ಮ ಹಿತ್ತಿಲಿಗೆ ಬಂದಿದೆ ಎಂದರ್ಥ, ಅದು ಹೆಮ್ಮೆಪಡುವ ವಿಷಯ. ಪುನುಗಿನ ಬೆಕ್ಕು ಹೆಚ್ಚಾಗಿ ನೆಲದ ಮೇಲೆಯೇ ಓಡಾಡಿ ಇಲಿ, ಹುಳು, ಕೀಟಗಳನ್ನು ಹುಡುಕುತ್ತದೆ. ಗೊನೆಯವರೆಗೆ ಹತ್ತಿ ಹಣ್ಣು ತಿನ್ನುವುದು ಮರಬೆಕ್ಕಿಗೆ ಸಹಜ. ಹೀಗಾಗಿ ನಿಮ್ಮ ಮನೆಯಲ್ಲಿ ಬೈಗುಳ ತಿನ್ನುತ್ತಿರುವ ಪ್ರಾಣಿ ನಿರಪರಾಧಿಯಾಗಿರಬಹುದು. ಬಾವಲಿಯೂ ಬಾಳೆಹಣ್ಣು ತಿನ್ನುತ್ತದೆ ಎಂಬುದನ್ನು ಮರೆಯಬೇಡಿ. ಕಟ್ಟೆಯ ಮೇಲೆ ಕಾಫಿ ಬೀಜವೋ ಬೈನೆಯ ಬೀಜವೋ ತುಂಬಿದ ಹಿಕ್ಕೆ ಬಿದ್ದಿದ್ದರೆ ಮರಬೆಕ್ಕು ಬಂದುಹೋಗಿದೆ. ಹಣ್ಣು ತಿಂದು ಬೀಜವನ್ನು ದೂರ ಒಯ್ದು ಹಾಕುವ ಅದರ ಅಭ್ಯಾಸದಿಂದ ನಿಮ್ಮ ಸೊಪ್ಪಿನಬೆಟ್ಟದಲ್ಲಿ ಎಷ್ಟೋ ಮರಗಳು ಹುಟ್ಟಿವೆ.

ಬೇಲಿಯ ಬಳಿಯ ಕೆದಕು ಬೇರೆಯವರದ್ದಾಗಿರಬಹುದು. ನೇಗಿಲು ಹೊಡೆದಂತೆ ಉದ್ದಕ್ಕೆ ಉತ್ತಿದ್ದರೆ ಕಾಡುಹಂದಿ. ಗಿಡದ ಬುಡವನ್ನು ಬಗೆದು ಗೆಡ್ಡೆ, ಬೇರು ಕಡಿದಿದ್ದರೆ ಮುಳ್ಳುಹಂದಿ. ಇರುವೆ, ಗೆದ್ದಲಿನ ಗೂಡನ್ನು ಸೀಳಿದ್ದರೆ ಚಿಪ್ಪುಹಂದಿ. ಇದು ಚಿಪ್ಪುಹಂದಿಯದೇ ಆಗಿದ್ದರೆ, ಆ ಚಿತ್ರವನ್ನು ಸ್ಥಳದ ಹೆಸರಿನೊಡನೆ ಯಾರಿಗೂ ಕಳುಹಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚಿಪ್ಪಿಗಾಗಿ ಅದನ್ನು ಹುಡುಕುವ ಕಳ್ಳ ಬೇಟೆಗಾರರಿಗೆ ಒಂದು ಊರಿನ ಹೆಸರು ಸಾಕು.

ಗೊನೆ ಉಳಿಯಬೇಕಾದರೆ ಬಲಿತ ಕೂಡಲೇ ಕಡಿದು ಅಟ್ಟದಲ್ಲಿ ಹಣ್ಣು ಮಾಡಿ, ಇಲ್ಲವೇ ಗೋಣಿಚೀಲದಲ್ಲಿ ಕಟ್ಟಿ.

ಪ್ರಶ್ನೆ: ಕ್ಯಾಮೆರಾದಿಂದ ಹೊಮ್ಮುವ ಬೆಳಕು ಪ್ರಾಣಿಗಳನ್ನು ಹೆದರಿಸುವುದಿಲ್ಲವೇ?
– ಓದುಗರು, ಶಿರಸಿ

ಉತ್ತರ: 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಉತ್ತರ ಭಾರತದ ಕಾಡುಗಳಲ್ಲಿ ಹುಲಿಯೇ ತಂತಿಯನ್ನು ತಾಗಿ ತನ್ನ ಚಿತ್ರ ತೆಗೆದುಕೊಳ್ಳುವ ಏರ್ಪಾಡು ಮಾಡಿದಾಗ, ಕಣ್ಣು ಕೋರೈಸುವ ಬೆಳಕು ಅನಿವಾರ್ಯವಾಗಿತ್ತು. ಇಂದಿನ ಕ್ಯಾಮೆರಾಗಳು ಅತಿಗೆಂಪು ಬೆಳಕನ್ನು ಬಳಸುತ್ತವೆ. 850 ನ್ಯಾನೊಮೀಟರ್ ತರಂಗದ ದೀಪಗಳಲ್ಲಿ ಮಂದವಾದ ಕೆಂಪು ಕಾಣುತ್ತದೆ. 940ರ ದೀಪಗಳು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಅವುಗಳ ಬೆಳಕು ಅಷ್ಟು ದೂರ ಮುಟ್ಟುವುದಿಲ್ಲ. ಹಿತ್ತಿಲಿಗೆ ಎರಡನೆಯದೇ ಮೇಲು. ಕೆಲವು ಪ್ರಾಣಿಗಳು ನಿಂತು ಕ್ಯಾಮೆರಾವನ್ನು ಮೂಸಿ ನೋಡುತ್ತವೆ. ಬಂದ ಪ್ರಾಣಿ ಮತ್ತೆ ಆ ಕಡೆಗೆ ಸುಳಿಯದಿದ್ದರೆ ಜಾಗ ಬದಲಿಸಿ. ಚಿತ್ರದ ಆಸೆಗೆ ಅನ್ನ, ಹಣ್ಣು, ಮಾಂಸ ಇಡುವುದು ಮಾತ್ರ ಬೇಡವೇ ಬೇಡ. ಮನೆಯ ಬಾಗಿಲಲ್ಲಿ ಊಟ ಸಿಗುತ್ತದೆಂದು ಕಲಿತ ಕಾಡುಪ್ರಾಣಿ ಕೊನೆಗೆ ಪೆಟ್ಟು ತಿನ್ನುತ್ತದೆ.

ಪ್ರಶ್ನೆ: ತೆಂಗಿನ ತೋಟದ ಮನೆಯ ಹಿಂದಿಟ್ಟ ಕ್ಯಾಮೆರಾದಲ್ಲಿ ಎರಡು ರಾತ್ರಿ ಚಿರತೆ ಕಂಡಿತು. ಒಂದೇ ಚಿರತೆಯೋ ಎರಡೋ? ಊರಿನ ವಾಟ್ಸಾಪ್ ಗುಂಪಿಗೆ ಹಾಕಲೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆಗಳನ್ನು ಕ್ಯಾಮೆರಾ ಚಿತ್ರಗಳಲ್ಲಿ ಹೋಲಿಸಿ ಅವುಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಇದೇ ತತ್ತ್ವದ ಮೇಲೆ. ಆದರೆ ಎಡಮಗ್ಗುಲಿನ ವಿನ್ಯಾಸ ಬಲಮಗ್ಗುಲಿನಲ್ಲಿ ಇರುವುದಿಲ್ಲ. ಎರಡೂ ಚಿತ್ರಗಳಲ್ಲಿ ಒಂದೇ ಮಗ್ಗುಲು ಇದ್ದರೆ ಮಾತ್ರ ಹೋಲಿಸಿ, ಪಕ್ಕೆಯ ಮೇಲೆ ಚುಕ್ಕೆಗಳ ಒಂದು ಸ್ಪಷ್ಟವಾದ ಗುಂಪನ್ನು ಆರಿಸಿಕೊಂಡು ನಿಧಾನವಾಗಿ ನೋಡಿ.

ಚಿತ್ರವನ್ನು ಗುಂಪಿಗೆ ಹಾಕುವ ಮೊದಲು ವಲಯ ಅರಣ್ಯ ಕಚೇರಿಗೆ ತಿಳಿಸಿ, ಅಕ್ಕಪಕ್ಕದ ಮನೆಯವರಿಗೆ ನೀವೇ ಹೋಗಿ ಹೇಳಿ. ಕೈಯಿಂದ ಕೈಗೆ ಹೋದ ಚಿತ್ರ ಮರುದಿನ ಮೂರು ಊರುಗಳ ಚಿರತೆಯಾಗುತ್ತದೆ, ಜನ ದೊಣ್ಣೆ ಹಿಡಿದು ಹೊರಡುತ್ತಾರೆ, ಸುತ್ತುವರಿದ ಚಿರತೆಯೇ ನಿಜವಾಗಿ ಅಪಾಯಕಾರಿ. ನಾಯಿಯನ್ನು ರಾತ್ರಿ ಒಳಗೆ ಕಟ್ಟಿ, ಕೊಟ್ಟಿಗೆಯ ಬಾಗಿಲು ಭದ್ರಪಡಿಸಿ, ಕೋಳಿಯ ತ್ಯಾಜ್ಯವನ್ನು ತೋಟದಲ್ಲಿ ಎಸೆಯಬೇಡಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳುಹಿಸಬೇಡಿ.

ಪ್ರಶ್ನೆ: ಕ್ಯಾಮೆರಾದಲ್ಲಿ ತೋಟಕ್ಕೆ ಬರುವ ಹೆಂಗಸರ ಚಿತ್ರಗಳೂ ಬರುತ್ತಿವೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಅಳಿಸಿಬಿಡಿ, ಮತ್ತು ಆ ಜಾಗದಿಂದ ಕ್ಯಾಮೆರಾವನ್ನು ಇಂದೇ ತೆಗೆಯಿರಿ. ಬಚ್ಚಲು, ತೊಳೆಯುವ ಕಲ್ಲು, ಜನರು ಬಳಸುವ ಹಳ್ಳದ ದಾರಿ ಇವು ಯಾವುವೂ ಚೌಕಟ್ಟಿನೊಳಗೆ ಬರಬಾರದು. ಹೊಸ ಜಾಗ ಯಾವುದೆಂದು ಆ ಹೆಂಗಸರಿಗೂ ತೋರಿಸಿ. ಯಾವ ಪ್ರಾಣಿ ಎಲ್ಲಿ ದಾಟುತ್ತದೆ ಎಂಬುದು ಸೊಪ್ಪು, ಸೌದೆಗೆ ಓಡಾಡುವ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ.