ಇಂಟರ್ವ್ಯೂ ದಿನದ ಅನಿಸಿಕೆ ನಂಬಿ ರ‍್ಯಾಂಕ್ ಲಿಸ್ಟ್ ಮಾಡಬಹುದಾ?

ಅಮೆರಿಕದ ರೆಸಿಡೆನ್ಸಿಗೆ (ಎಂಬಿಬಿಎಸ್ ನಂತರದ ತಜ್ಞ ತರಬೇತಿ) ಇಂಟರ್ವ್ಯೂ ಎಲ್ಲ ಮುಗಿಸಿದ್ದೀರಿ. ಇನ್ನು ಪ್ರೋಗ್ರಾಂಗಳನ್ನ ಇಷ್ಟದ ಕ್ರಮದಲ್ಲಿ ಬರೆದು ರ‍್ಯಾಂಕ್ ಲಿಸ್ಟ್ ಕೊಡಬೇಕು. ಹೆಸರುವಾಸಿ ಪ್ರೋಗ್ರಾಂ ಒಂದು ಆವತ್ತು ಯಾಕೋ ಮನಸ್ಸಿಗೆ ಹಿಡಿಸಲಿಲ್ಲ, ಕೆಳಗೆ ಹಾಕಲಾ ಅಂತ ಕೇಳಿದ್ದೀರಿ. ಯಾಕೆ ಹಿಡಿಸಲಿಲ್ಲ ಅನ್ನೋದನ್ನ ಮೊದಲು ಬಿಡಿಸಿಕೊಳ್ಳಿ. ಇಂಟರ್ವ್ಯೂ ಮಾಡಿದ ಫ್ಯಾಕಲ್ಟಿ ಮುಖ ಗಂಟು ಹಾಕಿಕೊಂಡಿದ್ದರು ಅನ್ನೋದಷ್ಟೇ ಕಾರಣವಾದರೆ ಬಿಟ್ಟುಬಿಡಿ. ಅಲ್ಲಿ ಈಗ ತರಬೇತಿಯಲ್ಲಿರೋ ರೆಸಿಡೆಂಟ್‌ಗಳ ಮಾತಲ್ಲಿ ಏನೋ ಸರಿಯಿಲ್ಲ ಅನಿಸಿದ್ದರೆ ಮಾತ್ರ ನಾನು ಅದನ್ನ ಲೆಕ್ಕಕ್ಕೆ ತಗೊಳ್ತೀನಿ.

ನಾನು ಹುಬ್ಬಳ್ಳಿಯಲ್ಲಿ ಕೂತೇ ಇಂಟರ್ನಲ್ ಮೆಡಿಸಿನ್‌ಗೆ ಝೂಮ್‌ನಲ್ಲಿ ಇಂಟರ್ವ್ಯೂ ಕೊಟ್ಟವನು. 2020ರಲ್ಲಿ ಕೋವಿಡ್‌ನಿಂದಾಗಿ ಆನ್‌ಲೈನ್ ಆದದ್ದು ಬಹುಪಾಲು ಹಾಗೇ ಉಳಿದಿದೆ. ನ್ಯೂಯಾರ್ಕ್ ಕಡೆಯವರು ಹಿಂದಿನ ಸಂಜೆ ಆರಕ್ಕೆ ರೆಸಿಡೆಂಟ್‌ಗಳ ಜೊತೆ ಹರಟೆ ಇಟ್ಟರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ನಿದ್ದೆಗೆಟ್ಟರೂ ಪರವಾಗಿಲ್ಲ, ಅದನ್ನ ತಪ್ಪಿಸಬಾರದು. ಆಸ್ಪತ್ರೆ ಕಟ್ಟಡದ ವಿಡಿಯೊ, ಡೈರೆಕ್ಟರ್ ಸ್ಲೈಡು ಎಲ್ಲ ಕಡೆ ಒಂದೇ ಥರ.

ಒಂದು ಕಡೆ 'ನೈಟ್ ಫ್ಲೋಟ್‌ನಲ್ಲಿ (ರಾತ್ರಿ ಪಾಳಿಯ ಸರದಿ) ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಒಬ್ಬರಿಗೆ ಎಷ್ಟು ಪೇಷಂಟ್?' ಅಂತ ಕೇಳಿದೆ. ಯಾರೂ ಅನ್‌ಮ್ಯೂಟ್ ಮಾಡಲಿಲ್ಲ. ಕೊನೆಗೆ ಚೀಫ್ ರೆಸಿಡೆಂಟ್, 'ಈ ವರ್ಷ ಸುಧಾರಿಸ್ತಾ ಇದೆ' ಅಂದರು. ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ 80 ಗಂಟೆ ಅನ್ನೋ ಮಿತಿ ನಾಲ್ಕು ವಾರದ ಸರಾಸರಿ ಮೇಲೆ ಲೆಕ್ಕ. ಆ ಸರಾಸರಿಯ ಒಳಗೆ ಏನಿದೆ ಅಂತ ಇಂಥ ಮೌನವೇ ಹೇಳುತ್ತೆ. ಇನ್ನೊಂದು ಕಡೆ ಸೆಕೆಂಡ್ ಇಯರ್ ಹುಡುಗಿ ಸ್ಕ್ರಬ್ಸ್‌ನಲ್ಲೇ ವಾರ್ಡಿನಿಂದ ಸೇರಿದ್ದಳು. ಪೇಜರ್ ಬಡಿದುಕೊಂಡಿತು, ಎದ್ದು ಹೋಗಿ ಬಂದಳು. 'ಐಸಿಯು ತಿಂಗಳು ಜೀವ ಹಿಂಡುತ್ತೆ, ಆದರೆ ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಅಟೆಂಡಿಂಗ್ (ಮೇಲಿನ ಹಿರಿಯ ಡಾಕ್ಟರ್) ಎತ್ತುತ್ತಾರೆ' ಅಂದಳು. ಆ ಪ್ರೋಗ್ರಾಂ ನನ್ನ ಲಿಸ್ಟ್‌ನಲ್ಲಿ ಸರಸರನೆ ಮೇಲೆ ಬಂತು.

ಕೆಳಗೆ ಹಾಕೋದು ಬೇರೆ, ಲಿಸ್ಟ್‌ನಿಂದಲೇ ತೆಗೆಯೋದು ಬೇರೆ. ನಮ್ಮ ಲಿಸ್ಟ್, ಪ್ರೋಗ್ರಾಂಗಳ ಲಿಸ್ಟ್ ಎರಡನ್ನೂ ಹೊಂದಿಸಿ ಸೀಟು ಕೊಡೋ ಮ್ಯಾಚ್ ಅಲ್ಗಾರಿದಮ್ 1998ರಿಂದ ಅಭ್ಯರ್ಥಿಯ ಇಷ್ಟವನ್ನೇ ಮೊದಲು ಹಿಡಿದು ಹೋಗುತ್ತೆ, ಹಾಗಾಗಿ 'ಅವರು ನನ್ನನ್ನ ಎಲ್ಲಿ ಹಾಕಿರಬಹುದು' ಅಂತ ಊಹಿಸಿ ಕ್ರಮ ಬದಲಿಸಿದರೆ ನಷ್ಟ ನಿಮಗೇ. ಇಂಟರ್ವ್ಯೂ ಆದಮೇಲೆ ಬರೋ 'ನೀವು ನಮಗೆ ತುಂಬಾ ಹಿಡಿಸಿದಿರಿ' ಮೇಲ್‌ಗೂ ಕರಗಬೇಡಿ. ಪೂರ್ತಿ ತೆಗೆಯೋ ಮುಂಚೆ ಮಾತ್ರ ಹತ್ತು ಸಲ ಯೋಚಿಸಿ: ನಮ್ಮಂಥ ವಿದೇಶಿ ಪದವೀಧರರಲ್ಲಿ ಮ್ಯಾಚ್ ಆಗೋದೇ ಸುಮಾರು 10ಕ್ಕೆ 6 ಮಂದಿ. ಮ್ಯಾಚ್ ಆದರೆ ಹೋಗಲೇಬೇಕು ಅನ್ನೋದೂ ನೆನಪಿರಲಿ.

ವೀಸಾ ವಿಷಯ ಅನಿಸಿಕೆಗೆ ಬಿಡೋದಲ್ಲ. ಜೆ-1 (ತರಬೇತಿ ವೀಸಾ) ಮಾತ್ರವೋ, ಎಚ್-1ಬಿ (ಕೆಲಸದ ವೀಸಾ) ಕೂಡ ಕೊಡ್ತಾರೋ ಅಂತ ಪ್ರೋಗ್ರಾಂ ಕೋಆರ್ಡಿನೇಟರ್ ಹತ್ತಿರ ಬರಹದಲ್ಲೇ ತಗೊಳ್ಳಿ.

ಊರಲ್ಲಿ ಪಿಜಿ ಸೀಟಿಗೆ ಈ ತಲೆನೋವಿಲ್ಲ. ನೀಟ್ ರ‍್ಯಾಂಕ್ ಕೈಯಲ್ಲಿ ಹಿಡಿದು, ಸೀನಿಯರ್‌ಗೆ ಫೋನ್ ಮಾಡಿ 'ಡಿಪಾರ್ಟ್‌ಮೆಂಟ್ ಹೇಗಿದೆ ಸರ್' ಅಂದರೆ ಅರ್ಧ ಚಿತ್ರ ಸಿಗುತ್ತೆ. ಇಲ್ಲೂ ಅದನ್ನೇ ಮಾಡಿ. ಲಿಸ್ಟ್ ಸರ್ಟಿಫೈ ಮಾಡೋ (ಅಂತಿಮವಾಗಿ ಸಲ್ಲಿಸೋ) ಮುಂಚೆ ಆ ಪ್ರೋಗ್ರಾಂನ ರೆಸಿಡೆಂಟ್ ಒಬ್ಬರಿಗೆ, ಆದಷ್ಟೂ ಇಂಟರ್ವ್ಯೂ ದಿನ ಕಾಣಿಸಿಕೊಳ್ಳದೇ ಇದ್ದವರಿಗೆ, ಒಂದು ಮೇಲ್ ಹಾಕಿ.