ಚಂದ್ರಗಿರಿ ಅಳಿವೆಯ ಹೊಟ್ಟೆ ಉಬ್ಬುವ ಮೀನು: ಸಾರು ಮಾಡಬೇಡಿ

ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ ಗಾಳಕ್ಕೆ ಬಿದ್ದ ಮೀನು ಮೇಲೆತ್ತಿದ ಕೂಡಲೇ ಹೊಟ್ಟೆ ಉಬ್ಬಿಸಿತು, ಸಾರು ಮಾಡಬಹುದೇ ಅಂತ ಕೇಳಿದಿರಲ್ಲ, ಅದು ಬಹುಮಟ್ಟಿಗೆ ವಿಷವಿರುವ ಪಫರ್ ಫಿಶ್. ಯಾವ ಜಾತಿಯ ಪಫರ್ ಅಂತ ನಿಮ್ಮ ವಿವರಣೆಯಿಂದ ಹೇಳಲಾಗದು, ತಿನ್ನಬಾರದು ಅನ್ನಲು ಅದು ಬೇಕಾಗಿಯೂ ಇಲ್ಲ.

ಪಫರ್ ಹೌದೋ ಅಂತ ತಿಳಿಯಲು ಮೊದಲು ಬಾಯಿ ನೋಡಿ. ಬೆರಳು ಹಾಕಬೇಡಿ, ಜೋರಾಗಿ ಕಚ್ಚುತ್ತದೆ. ಕಡ್ಡಿಯಿಂದ ತುಟಿ ಸರಿಸಿ. ಮೇಲೆ ಎರಡು, ಕೆಳಗೆ ಎರಡು ಹಲ್ಲಿನ ಫಲಕ, ನಡುವೆ ಸೀಳುಗೆರೆ, ಗಿಳಿಕೊಕ್ಕಿನ ಹಾಗೆ. ಆಮೇಲೆ ಮಗುಚಿ ಹಾಕಿ: ಹೊಟ್ಟೆಯಡಿಯ ಜೋಡಿ ರೆಕ್ಕೆ ಇರುವುದಿಲ್ಲ. ಬೆನ್ನಿನ ರೆಕ್ಕೆ ಒಂದೇ, ಅದೂ ಬಾಲದ ಹತ್ತಿರ. ಹುರುಪೆ ಇಲ್ಲ. ಮೈತುಂಬ ಉದ್ದ ಮುಳ್ಳಿದ್ದರೆ ಪಫರ್‌ನ ನೆಂಟ, ಅದನ್ನೂ ತಿನ್ನಬೇಡಿ.

ವಿಷದ ಹೆಸರು ಟೆಟ್ರೊಡೊಟಾಕ್ಸಿನ್. ಲಿವರ್, ಮೊಟ್ಟೆ, ಕರುಳು, ಚರ್ಮದಲ್ಲಿ ಹೆಚ್ಚು. ಕೆಲವು ಜಾತಿಗಳಲ್ಲಿ ಮಾಂಸದಲ್ಲೂ ಇರುತ್ತದೆ. ಕುದಿಸಿದರೂ, ಹುಳಿ ಹಿಂಡಿದರೂ, ಉಪ್ಪು ಹಾಕಿ ಒಣಗಿಸಿದರೂ ಹೋಗದು. "ಚರ್ಮ ಸುಲಿದು, ಹೊಟ್ಟೆ ತೆಗೆದರೆ ಆಯ್ತು" ಅನ್ನುವವರ ಮಾತು ಕೇಳಬೇಡಿ; ಕೊಯ್ಯುವಾಗಲೇ ಮಾಂಸಕ್ಕೆ ತಾಗಬಹುದು.

ಬೆಕ್ಕು, ಕೋಳಿಗೂ ಹಾಕದೆ ಆಳವಾಗಿ ಹೂತು, ಕತ್ತಿ, ಹಲಗೆ, ಕೈ ಸೋಪು ಹಾಕಿ ತೊಳೆಯಿರಿ.

ಯಾರಾದರೂ ಆಗಲೇ ತಿಂದಿದ್ದರೆ ತುಟಿ, ನಾಲಿಗೆ ಜುಮ್ಮೆನ್ನುವವರೆಗೆ ಕಾಯಬೇಡಿ. ಪ್ರತಿವಿಷ ಇಲ್ಲ, ಉಸಿರಾಟ ನಿಂತರೆ ವೆಂಟಿಲೇಟರ್ ಒಂದೇ ದಾರಿ. 108ಕ್ಕೆ ಕರೆ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ಉಳಿದ ಮೀನಿನ ಫೋಟೋ ಡಾಕ್ಟರಿಗೆ ತೋರಿಸಿ.